ಹೆಂಡ ಇಳಿಯದ ಮಡಕೆ

ಎಂಸಿಂಗಾ,
ಭಾನುವಾರ ಸಂಜೆ

ನನ್ನ ಚಿನ್ನ ಫಿಕಿಲೆಗೆ ಅಮ್ಮನ ಮುತ್ತುಗಳು.

ತೀರಿಹೋದ ನಿನ್ನಪ್ಪನ ಆತ್ಮವನ್ನು ಮನೆಗೆ ಕರೆತರುವ ಶಾಸ್ತ್ರ ನಿನ್ನೆ ಮುಗಿಯಿತು. ಡರ್ಬನ್ನಿನ ಮಡಕೆ ಪ್ರದರ್ಶನ ಬಿಟ್ಟು ಬರಲಾಗಲಿಲ್ಲವೆಂದು ಕೊರಗಬೇಡ. ಆದರೆ ಇಲ್ಲಿ ನಡೆದದ್ದನ್ನು ನಿನಗೆ ಹೇಳಲೇಬೇಕು ಕಣೇ.

ಕರಿ ಬಟ್ಟೆ ಉಟ್ಟ ವಿಧವೆ ವರ್ಷವಿಡೀ ಮಣ್ಣು ಮುಟ್ಟುವಂತಿಲ್ಲ; ಮುಟ್ಟಿದರೆ ಮಡಕೆ ಸುಡುವಾಗಲೇ ಸಿಡಿಯುತ್ತದೆ. ಹಾಗಾಗಿ ಗತಿಸಿದ ಹಿರಿಯರಿಗೆ ಹೆಂಡ ಇಡುವ ಹೊಸ ಮಡಕೆಯನ್ನು ನೀನೇ ಮಾಡಬೇಕಾಯಿತು. ಶುಕ್ರವಾರ ಟ್ಯಾಕ್ಸಿಯಲ್ಲಿ ಬಂತು. ಎಷ್ಟು ಚೆಂದ ಮಾಡಿದ್ದೀಯೇ! ಹೊಟ್ಟೆಯ ಸುತ್ತ ನಿನ್ನಜ್ಜಿ ಇಡುತ್ತಿದ್ದ ಅದೇ ಗುಳ್ಳೆಗಳ ಸಾಲು, ಅದೇ ಮಿರಿಮಿರಿ ಕಪ್ಪು. ಒಳಗೆ ಕೈಯಾಡಿಸಿದೆ. ಒಳಗೆಲ್ಲ ಗಾಜಿನಂಥ ಲೇಪ! ಪಟ್ಟಣದವರು ಹೂವಿಡಲು ಕೊಳ್ಳುವ ಮಡಕೆಗೆ ಬಳಿದು ಬಳಿದು ಆದ ಅಭ್ಯಾಸದಲ್ಲಿ ಇದಕ್ಕೂ ಬಳಿದುಬಿಟ್ಟಿದ್ದೀಯ.

ನಮ್ಮ ಮಡಕೆ ರಾತ್ರಿಯೆಲ್ಲ ಬೆವರುತ್ತದೆ, ಬೆಳಗಾಗುವಷ್ಟರಲ್ಲಿ ಹೆಂಡ ಒಂದಿಷ್ಟು ಇಳಿದಿರುತ್ತದೆ. ಹಿರಿಯರು ಬಂದು ಕುಡಿದರೆಂದು ಊರೆಲ್ಲ ಹಿಗ್ಗುತ್ತದೆ. ನಿನ್ನ ಸೋದರತ್ತೆ ಮಕೋಸಿ ಬೆರಳಿನಿಂದ ಬಡಿದು ನೋಡಿ, "ಇದು ಮಡಕೆನೇನೇ? ಬಾಟ್ಲಿ! ಹೆಂಡ ಇಳೀದಿದ್ರೆ ನನ್ನ ತಮ್ಮ ಮುನಿಸ್ಕೊಂಡು ಹೊರಗೇ ನಿಂತ ಅಂತಾರೆ ಜನ," ಎಂದು ತಲೆ ಚಚ್ಚಿಕೊಂಡಳು. ಬೇರೆ ಹೊಸ ಮಡಕೆ ಎಲ್ಲಿಂದ ತರಲಿ? ನಿನ್ನಪ್ಪ ಬದುಕಿದ್ದಾಗ ಗಣಿ ಕೆಲಸವೆಂದು ವರ್ಷಕ್ಕೊಮ್ಮೆ ಮನೆ ಕಂಡವರು. ಸತ್ತ ಮೇಲೂ ಹೊರಗೇ ಉಳಿದರೆ ನಾನು ಯಾರ ಹತ್ತಿರ ಹೇಳಿಕೊಳ್ಳಲಿ?

ಅಂದು ಸಂಜೆ ಮಡಕೆ ತುಂಬಿಸಿ, ಗುಡಿಸಲಿನೊಳಗೆ ಹಿಂಗೋಡೆಯ ಬಳಿ ಇಟ್ಟು ಮುಚ್ಚಿದೆವು. ನನಗೆ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎಲ್ಲರೆದುರು ಊರ ಹಿರಿಯ ಸಿಬಿಯಾ ಮುಚ್ಚಳ ತೆಗೆದರು. ಅರ್ಧ ಮಡಕೆ ಖಾಲಿ! "ಎಷ್ಟು ಬಾಯಾರಿ ಬಂದಿದ್ನೋ ಪುಣ್ಯಾತ್ಮ!" ಎಂದು ನಕ್ಕರು. ಹೆಂಗಸರು ಕೇಕೆ ಹಾಕಿದರು. ನಿನ್ನಪ್ಪ ಮನೆಗೆ ಬಂದರು ಮಗಳೇ. ಯಾರು ಕೇಳಿದರೂ ಇಷ್ಟೇ ಹೇಳು.

ನಿನ್ನ ದಾರಿ ಕಾಯುವ ಅಮ್ಮ,
ಥೊಲಾಕೆಲೆ

ತಾ.ಕ.: ನಿನ್ನ ಹತ್ತಿರ ಮುಚ್ಚಿಡಲಾರೆ. ಕೋಳಿ ಕೂಗುವ ಮೊದಲು ಒಳಗೆ ನುಸುಳಿ ಎರಡು ಗುಟುಕು ಕುಡಿದವಳು ನಾನು. ಎರಡೇ, ನಿನ್ನಾಣೆ. ನಾನು ಮಡಕೆ ಓರೆ ಮಾಡಿದಾಗಲೇ ಅದು ಅರ್ಧ ಹಗುರವಾಗಿತ್ತು. ಮಕೋಸಿ ಆ ದಿನ ಮಧ್ಯಾಹ್ನದವರೆಗೂ ಮಲಗಿದ್ದಳು. ಎದ್ದವಳು ಬಾಯಿ ಒರೆಸಿಕೊಂಡು, ನನ್ನ ಕೈ ಹಿಡಿದು, "ಬಂದ, ಅಲ್ವೇನೇ?" ಎಂದು ಮಗುವಿನಂತೆ ಅತ್ತಳು. ಬಂದರು ಎಂದೆ.