ಬೀಳ್ಕೊಡುಗೆ ಉಂಡು ಉಳಿದುಕೊಂಡವಳು

ಕ್ರಿಸಾಂತೋ,

ನಿನ್ನ ಮೊಮ್ಮಗಳು ರೊವೆನಾಗೆ ಕೆಲಸದ ವೀಸಾ ಇನ್ನೊಂದು ವರ್ಷ ಸಿಕ್ಕಿತು. ಬದುಕಿದ್ದಾಗಲೇ ನನ್ನ ಮಾತಿಗೆ ಕಿವಿಗೊಡದವನು ಈಗ ಇದನ್ನು ಓದುತ್ತೀಯಾ? ಆದರೂ ಬರೆಯುತ್ತೇನೆ.

ಅವಳನ್ನು ಕಾಯಂ ಟೀಚರಾಗಿ ಇಟ್ಟುಕೊಳ್ಳಲು ಈ ನ್ಯೂ ಮೆಕ್ಸಿಕೋದ ಶಾಲೆ ಹಾಕಿದ್ದ ಕಾರ್ಮಿಕ ಪ್ರಮಾಣಪತ್ರದ ಅರ್ಜಿ ತಿರಸ್ಕಾರವಾಗಿತ್ತು. ಈ ಕೆಲಸಕ್ಕೆ ಇಲ್ಲಿಯವರೇ ಯಾರಾದರೂ ಸಿಗುತ್ತಾರಾ ಎಂದು ಕೇಳುವ ಜಾಹೀರಾತನ್ನು ಭಾನುವಾರದ ಪತ್ರಿಕೆಗೆ ಕೊಡಬೇಕಿತ್ತಂತೆ, ಆ ಜಾಣರು ಶನಿವಾರದ್ದಕ್ಕೆ ಕೊಟ್ಟಿದ್ದರು. ಶಾಲೆ ಮೇಲ್ಮನವಿ ಹಾಕಿತು. ಅದು ತೀರ್ಮಾನವಾಗುವ ತನಕ ವೀಸಾ ಮುಂದುವರಿಸಬಹುದು ಎಂದು ವಕೀಲರು ಹೇಳಿದರು. ನಾವು ನಂಬಲಿಲ್ಲ. ನಮ್ಮವರ ಪದ್ಧತಿಯಂತೆ ಚರ್ಚಿನ ಹಿಂದಿನ ಕೋಣೆಯಲ್ಲಿ ಬೀಳ್ಕೊಡುಗೆ ಊಟ ಹಾಕಿಬಿಟ್ಟೆವು. ಎಲ್ಲರೂ ಪಾನ್ಸಿತ್ ಶಾವಿಗೆ ಉಂಡು, ಹಾಡಿ, ಅತ್ತು, ಉಡುಗೊರೆ ಕೊಟ್ಟು ಹೋದರು.

ನಿನ್ನೆ ವೀಸಾ ಮಂಜೂರಾಯಿತು. ಇವತ್ತು ಬಲಿಪೂಜೆ ಮುಗಿಸಿ ಹೊರಬಂದರೆ ಪಕ್ಕದ ಮನೆಯ ಪೆರ್ಲಿಟಾ ಬಾಗಿಲಲ್ಲೇ ಹಿಡಿದಳು.

“ಏನೇ ರೊವೆನಾ, ಇನ್ನೂ ಹೋಗ್ಲಿಲ್ವಾ? ನಾನತ್ತಿದ್ದೆಲ್ಲಾ ದಂಡ ಆಯ್ತಲ್ಲೇ!”

“ಸೀರಿಯಲ್ ನೋಡಿದ್ರೂ ಗೊಳೋ ಅಂತೀಯ, ನಿನ್ನ ಅಳು ಯಾವ ಲೆಕ್ಕ? ನೀ ಕೊಟ್ಟ ಟವೆಲ್ ವಾಪಸ್ ಬೇಕಾ ಹೇಳು,” ಅಂದೆ.

“ಇಟ್ಕೊಳ್ಳಿ ಲೋಲಾ. ಮುಂದಿನ ವರ್ಷ ಇನ್ನೊಂದ್ಸಲ ಊಟ ಹಾಕಿಸ್ತೀರಲ್ಲ!” ಪೆರ್ಲಿಟಾಳಿಗೂ ನಾನು ಲೋಲಾ, ಅಜ್ಜಿ.

ರೊವೆನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿನ್ನ ಮಣ್ಣಿಗೆ ಬರಲಾಗದೆ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಡಿಸೆಂಬರಿನಲ್ಲಿ ನಮ್ಮೂರು ಇಲೊಯಿಲೊಗೆ ಬರುತ್ತಾಳೆ. “ಲೋಲಾ, ಮೊದ್ಲು ತಾತನ ಸಮಾಧಿಗೇ ಹೋಗ್ತೀನಿ,” ಅಂದಳು.

“ಮೊದ್ಲು ಮನಿಲಾದಲ್ಲಿ ವೀಸಾ ಮುದ್ರೆ ಹಾಕಿಸ್ಕೋ ತಾಯಿ, ಅದಿಲ್ದೆ ಇಲ್ಲಿಗೆ ವಾಪಸ್ ಬರೋಕಾಗಲ್ಲ. ತಾತ ಕಾಯ್ತಾರೆ,” ಅಂದೆ.

ಈ ಸಲವಾದರೂ ಕಾಯುತ್ತೀಯಲ್ಲ?

ಫೆಲಿಸಾ