ಹೆಸರಿನ ಚೀಲದ ಹಿಂದೆ ಹುಟ್ಟಿದ್ದು

4 ಸೆಪ್ಟೆಂಬರ್ 2025, ಗುರುವಾರ. ಬೆಳಗ್ಗೆ 6

ಎರಡು ಮರಿಗಳು ಕುಡಿದವು. ಮೂರನೆಯದು ಬಾಯಿ ತೆರೆಯಲಿಲ್ಲ. ಸೂಜಿ ತೆಗೆದ ಸಿರಿಂಜಿನಿಂದ ತುಟಿಗೆ ಹಾಲು ಹಚ್ಚಿದೆ, ಹೊರಗೇ ಹರಿಯಿತು. ಬಿಸಿನೀರಿನ ಬಾಟಲಿಗೆ ಇವರ ಹಳೆಯ ಬನಿಯನ್ ಸುತ್ತಿ ಪಕ್ಕಕ್ಕಿಟ್ಟಿದ್ದೇನೆ. ಆರುತ್ತಲೇ ಇರುತ್ತದೆ. ಮತ್ತೆ ಕಾಯಿಸು, ಮತ್ತೆ ತುಂಬು. ಕಣ್ಣು ಈಗಷ್ಟೇ ತೆರೆದಿವೆ, ಏನೂ ಕಾಣಿಸುವುದಿಲ್ಲ ಅನ್ನಿಸುತ್ತದೆ.

ಮರಿಗಳ ತಾಯಿಬೆಕ್ಕು ಸತ್ತು ಇಂದಿಗೆ ಮೂರು ದಿನ.

ಬರೆದೇ ಬಿಡುತ್ತೇನೆ. ಬೇರೆ ಎಲ್ಲಿ ಹೇಳಲಿ? ವಿಷ ಇಟ್ಟವಳು ನಾನು. ಇಲಿಗೆ. ಹೊಸ ಹೆಸರುಕಾಳಿನ ಚೀಲಗಳು ಒಳಕೋಣೆಯಲ್ಲಿ ಸೂರಿನವರೆಗೆ ನಿಂತಿವೆ. ಇಲಿ ಕಡಿದು ಕಡಿದು ಕಾಳು ಚೆಲ್ಲುತ್ತಿದ್ದವು. ಕಾಳು ಮಾರುವ ಅಡತಿ ಅಂಗಡಿಯಿಂದ ಬಂದ ತಕ್ಷಣ ಇವರದು ಅದೇ ಕೂಗಾಟ. ಹಿಟ್ಟಿನ ಉಂಡೆ ಮಾಡಿ ಮೂಲೆಗಿಟ್ಟೆ. ಬೂದು ಬೆಕ್ಕು ಅದೇ ಚೀಲಗಳ ಹಿಂದೆ ಮರಿ ಹಾಕಿದೆ ಅಂತ ಗೊತ್ತಿರಲಿಲ್ಲ. ದೇವರಾಣೆ, ಗೊತ್ತಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಹಿತ್ತಲಲ್ಲಿ ಬಿದ್ದು ಒದ್ದಾಡುತ್ತಿತ್ತು. ನೋಡಿದೆ. ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಮಗಳು ಶೈಲೂ ಸಾಲೆಯಿಂದ ಬರುವುದರೊಳಗೆ ಗುಂಡಿ ತೋಡಿ ಮುಚ್ಚಿಯಾಗಿತ್ತು. ನಿನ್ನೆ ಒಳಕೋಣೆಯಿಂದ ಸಣ್ಣ ದನಿ ಬಂತು. ಮರಿಗಳನ್ನು ಹುಡುಕಿ ಲಂಗದಲ್ಲಿ ಹಾಕಿಕೊಂಡು ತಂದವಳು ಅವಳೇ. ಹತ್ತು ವರ್ಷದ ಹುಡುಗಿ. ವರ್ಷದಿಂದ ಆ ಬೆಕ್ಕಿಗೆ ತನ್ನ ರೊಟ್ಟಿಯಲ್ಲಿ ಅರ್ಧ ಹಾಕುತ್ತಿದ್ದಳು. ರಾಣಿ ಅಂತ ಕರೆಯುತ್ತಿದ್ದಳು.

"ಅವ್ವಾ, ರಾಣಿ ಎಲ್ಲಿ?"

"ಯಾರೋ ವಿಷ ಹಾಕ್ಯಾರಂತವಾ" ಅಂದೆ.

ಯಾರೋ.

ಬೆಳಗ್ಗೆ 11

ಮೂರನೆಯದು ಹೋಯಿತು. ಅಂಗೈಯಲ್ಲೇ.

6 ಸೆಪ್ಟೆಂಬರ್, ಶನಿವಾರ

ಉಳಿದೆರಡನ್ನು ಬುಟ್ಟಿಯಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೋಗಿದ್ದೆ. ಸಾಲಿನಲ್ಲಿ ಮುಂದೆ ಎಮ್ಮೆ, ಹಿಂದೆ ಹೋರಿ. ನಡುವೆ ನಾನು. ಜನ ನಕ್ಕರು. ಡಾಕ್ಟರು ನಗಲಿಲ್ಲ.

"ಇವಕ್ಕ ಬ್ಯಾರೆ ಪುಡಿ ಹಾಲು ಬರತೈತ್ರಿ. ರೋಣದಾಗ ಸಿಗಂಗಿಲ್ಲ, ಹುಬ್ಬಳ್ಳಿಯಿಂದ ತರಸಬೇಕು. ಅಲ್ಲೀತನಕ ಆಡಿನ ಹಾಲು ನಡೀತೈತಿ. ಮೂರು ತಾಸಿಗೊಮ್ಮೆ. ತಪ್ಪಸಬ್ಯಾಡ್ರಿ."

"ಉಳೀತಾವೇನ್ರಿ?"

"ಹೇಳಾಕ ಬರಂಗಿಲ್ರಿ" ಅಂದರು. ಅಷ್ಟೆ. ಇನ್ನೊಂದು ಮಾತು ಆಡಿದ್ದರೆ ಅಲ್ಲೇ ಕೂತು ಅಳುತ್ತಿದ್ದೆ.

ಶೈಲೂ ಹೆಸರಿಟ್ಟಿದ್ದಾಳೆ. ಕರಿಯದು ಕಾಡಿಗೆ. ಬೂದು ಬಣ್ಣದ ಹೆಣ್ಣು ಹೆಸರಿ. "ಹೆಸರಿನ ಚೀಲದ ಹಿಂದ ಹುಟ್ಟೈತಿ, ಅದಕ್ಕ." ಒಬ್ಬಳೇ ನಕ್ಕಳು. ಮೂರು ದಿನಗಳಲ್ಲಿ ಮೊದಲ ಸಲ.

9 ಸೆಪ್ಟೆಂಬರ್, ಮಂಗಳವಾರ

ಬೆಳಗ್ಗೆ ಸಾಲೆಗೆ ಹೊರಟು ನಿಂತವಳು ಗೋಡೆಯಾಚೆ ನೋಡಿ ಹೇಳಿದಳು: "ನನಗ ಗೊತ್ತೈತಿ ಅವ್ವಾ. ವಿಷ ಹಾಕಿದಾಕಿ ಆಯಿ."

ಆಯಿ ಅಂದರೆ ಪಕ್ಕದ ಮನೆಯ ಹೊನ್ನವ್ವ. ಎಪ್ಪತ್ತು ದಾಟಿದ ಒಂಟಿ ಜೀವ, ಎರಡು ಆಡು. ಬೆಕ್ಕು ಹಾಲಿಗೆ ಬಾಯಿ ಹಾಕಿದಾಗೆಲ್ಲ ಕಸಬರಿಗೆ ಹಿಡಿದು ಓಡಿಸುತ್ತಿದ್ದಳು. "ನಿನಗ ಒಂದಿನ ವಿಷಾನ ಹಾಕ್ತೀನಿ ನೋಡು" ಅಂತ ಓಣಿಗೆಲ್ಲ ಕೇಳುವ ಹಾಗೆ ಕೂಗಿದ್ದಳು. ಬಾಯಿಮಾತು.

ಅಲ್ಲ ಅನ್ನಬೇಕಿತ್ತು. "ಹೊತ್ತಾತು, ನಡಿ" ಅಂದೆ.

ಶೈಲೂ ಹೋದ ಮೇಲೆ ಅದೇ ಹೊನ್ನವ್ವ ಮರಿಗಳ ಸುದ್ದಿ ಕೇಳಿ ತಂಬಿಗೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಆಡಿನ ಹಾಲು, ಆಗಷ್ಟೇ ಕರೆದದ್ದು. ನಾನು ಮರಿಯನ್ನು ಹಿಡಿದ ರೀತಿ ನೋಡಿ ಬೈದಳು.

"ಕೂಸಿನಂಗ ಅಂಗಾತ ಹಿಡೀಬ್ಯಾಡ ಶಾಂಭವಿ. ಹಾಲು ನೆತ್ತಿಗೇರತೈತಿ. ಬೋರಲ ಇರಲಿ. ಕುಡದ ಮ್ಯಾಲೆ ಹತ್ತಿ ತೋಯಿಸಿ ಕೆಳಗ ಒರಸು. ತಾನ ಉಚ್ಚಿ ಹೊಯ್ಯಾಕ ಬರಂಗಿಲ್ಲ ಇನ್ನಾ. ಅವ್ವ ನೆಕ್ಕತಿದ್ದಳು. ಈಗ ಅವ್ವ ನೀನ."

ಹೋಗುವಾಗ ಹಿತ್ತಲಲ್ಲಿ ನಿಂತಳು. ಹೊಸದಾಗಿ ಮುಚ್ಚಿದ ಮಣ್ಣು ನೋಡಿದಳು. ನನ್ನನ್ನು ನೋಡಿದಳು.

"ನಾ ಏನೂ ಕೇಳಂಗಿಲ್ಲ ಬಿಡು" ಅಂದಳು.



14 ಸೆಪ್ಟೆಂಬರ್, ಭಾನುವಾರ

ಕಾಡಿಗೆ ಸತ್ತಿತು.

ನನ್ನ ಕೈಯಲ್ಲಿ. ನನ್ನ ಕೈಯಿಂದ. ನಿದ್ದೆಗೆಟ್ಟು ಹತ್ತು ದಿನ. ಬೆಳಗಿನ ಹಾಲಿಗೆ ಕೂತವಳು ತೂಕಡಿಸಿದೆ. ತೊಡೆಯ ಮೇಲೆ ಅಂಗಾತ ಹಿಡಿದಿದ್ದೆ — ಕೂಸಿದ್ದಾಗ ಶೈಲೂನನ್ನು ಹಿಡಿಯುತ್ತಿದ್ದ ಹಾಗೆ. ಎಚ್ಚರಾದಾಗ ಮೂಗಿನಿಂದ ಹಾಲು ಬರುತ್ತಿತ್ತು. ತಲೆಕೆಳಗೆ ಮಾಡಿದೆ, ಬೆನ್ನು ತಟ್ಟಿದೆ, ಮೂಗು ಹೀರಿದೆ. ಸಂಜೆಯವರೆಗೂ ಗೊರಗೊರ ಅಂದಿತು. ಆಮೇಲೆ ಇಲ್ಲ.

ಹೊನ್ನವ್ವ ಹೇಳಿಕೊಟ್ಟಿದ್ದಳಲ್ಲ. ಹೇಳಿಕೊಟ್ಟಿದ್ದಳು.

ಶೈಲೂ ನನ್ನನ್ನು ಸಮಾಧಾನ ಮಾಡುತ್ತಿದ್ದಾಳೆ. ನನ್ನನ್ನು! "ಅವ್ವಾ, ನಿಂದೇನೂ ತಪ್ಪಿಲ್ಲ. ಅವುಗಳ ಅವ್ವ ಇದ್ದಿದ್ರ ಹಿಂಗ ಆಗತಿದ್ದಿಲ್ಲ." ತಲೆ ನೇವರಿಸಿದಳು. ಎದ್ದು ಬಚ್ಚಲಿಗೆ ಹೋದೆ. ನಲ್ಲಿ ಜೋರಾಗಿ ಬಿಟ್ಟುಕೊಂಡೆ.

ಹೆಸರಿಯೂ ಹೋದರೆ... ಬರೆಯಲಾರೆ.

23 ಸೆಪ್ಟೆಂಬರ್, ಮಂಗಳವಾರ

ಬರೆಯಲು ಪುರಸೊತ್ತಾಗಿಲ್ಲ. ಹೆಸರಿ ಬದುಕಿದೆ. ಹುಬ್ಬಳ್ಳಿಯಿಂದ ಪುಡಿ ಬಂತು. ಹಲ್ಲು ಬಂದಿವೆ. ಮನೆತುಂಬ ಓಡಾಟ, ಪರದೆ ಹತ್ತುವುದು. ಶೈಲೂಗೆ ದಸರಾ ರಜೆ. ಇಡೀ ದಿನ ಅದರ ಹಿಂದೆ.

ಹೊಸ ತೊಂದರೆ. ಹತ್ತಿಯಿಂದ ಒರೆಸುವ ಕಾಲ ಮುಗಿಯಿತು. ಹೊಯ್ಯಲು ತಾನೇ ಜಾಗ ಹುಡುಕುತ್ತದೆ ಈಗ. ಹುಡುಕಿದ ಜಾಗ — ಹುಟ್ಟಿದ ಜಾಗ. ಹೆಸರಿನ ಚೀಲಗಳು.

ಇಂದು ಇವರು ಅಂಗಡಿಯಲ್ಲಿ ಗಿರಾಕಿಗೆ ಮಾಲು ತೋರಿಸಲು ಚೀಲ ಬಿಚ್ಚಿದ್ದಾರೆ, ಗಬ್ಬು ವಾಸನೆ. ಗಿರಾಕಿ ಮೂಗು ಮುಚ್ಚಿಕೊಂಡು ಎದ್ದು ಹೋದನಂತೆ. ಮನೆಗೆ ಬಂದವರೇ ಮರಿಯ ಕುತ್ತಿಗೆ ಹಿಡಿದೆತ್ತಿದರು.

"ದಸರಾ ಮುಗಿಯೂತನಕ ನೋಡತೀನಿ. ಇನ್ನೊಂದು ಚೀಲ ತೊಯ್ದಿದ್ದು ಕಂಡ್ರ ಅಬ್ಬಿಗೇರಿ ಹೊಲದಾಗ ಬಿಟ್ಟ ಬರತೀನಿ."

"ಅಲ್ಲಿ ನಾಯಿ ಅದಾವ ಅಪ್ಪಾ" ಅಂದಳು ಶೈಲೂ.

"ಅದಾವ. ಗೊತ್ತೈತಿ ನನಗ."

ನನ್ನ ಗಂಡ ಈಶಪ್ಪ ಕೆಟ್ಟ ಮನುಷ್ಯ ಅಲ್ಲ. ಆದರೆ ಅಂದದ್ದನ್ನು ಮಾಡುವ ಮನುಷ್ಯ.

26 ಸೆಪ್ಟೆಂಬರ್, ಶುಕ್ರವಾರ

ರೊಟ್ಟಿ ಹಿಟ್ಟು ನಾದುತ್ತಿದ್ದ ಹಳೆಯ ಪರಾತಕ್ಕೆ ಹಿತ್ತಲ ಕರಿ ಎರೆಮಣ್ಣು ತುಂಬಿ ಇಟ್ಟೆ. ಉಂಡ ಕೂಡಲೇ ಎತ್ತಿ ಒಳಗೆ ಬಿಡುವುದು, ಮುಂಗಾಲು ಹಿಡಿದು ಕೆರೆಸುವುದು. ಹೊಯ್ದಿತು! ಒಮ್ಮೆ. ಮಣ್ಣು ನೆನೆದು ಅಂಟಾಯಿತು, ನಾಲ್ಕೂ ಪಾದಕ್ಕೆ ಮೆತ್ತಿಕೊಂಡಿತು. ಗೋಡೆ, ಹಾಸಿಗೆ, ಇವರ ಬಿಳಿ ಅಂಗಿ — ಎಲ್ಲ ಕಡೆ ಕರಿ ಹೆಜ್ಜೆ. ಆಮೇಲೆ ಪರಾತದ ಹತ್ತಿರ ಹೋಗಲೇ ಇಲ್ಲ.

ಬೂದಿ ಹಾಕಿದೆ. ಸೀನಿ ಸೀನಿ ಹೆಸರಿಯ ಕಣ್ಣಲ್ಲಿ ನೀರು. ಚೆಲ್ಲಿದೆ.

ಶೈಲೂ ಪೇಪರು ಹರಿದು ಹಾಕಿದಳು. ಅದರಲ್ಲಿ ಮಲಗಿತು.

ಮಧ್ಯಾಹ್ನ ಮತ್ತೊಂದು ಚೀಲ. ಇವರು ಬರುವುದರೊಳಗೆ ಚೀಲ ಬಿಚ್ಚಿ ತೊಯ್ದ ಕಾಳು ತೆಗೆದು ದನದ ಬಾನಿಗೆ ಹಾಕಿ, ಮತ್ತೆ ದಬ್ಬಣದಿಂದ ಹೊಲಿದೆ. ಅವಸರದಲ್ಲಿ ಬೆರಳಿಗೆ ಚುಚ್ಚಿತು. ಇನ್ನೊಂದು ಮುಚ್ಚುಮರೆ.

28 ಸೆಪ್ಟೆಂಬರ್, ಭಾನುವಾರ

ಮುಂಜಾನೆ ಮೊಣಕಾಲೂರಿ ಚೀಲ ಚೀಲಕ್ಕೂ ಮೂಗು ಹಚ್ಚಿ ಮೂಸುತ್ತಿದ್ದೆ. ತಿರುಗಿ ನೋಡಿದರೆ ಇವರು ಬಾಗಿಲಲ್ಲಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಏನ ಮಾಡಾಕತ್ತೀ?"

ಅಳು ಬಂತು. ಬಿಕ್ಕಿ ಬಿಕ್ಕಿ. "ಮೂರರಾಗ ಎರಡು ಹೋದ್ವು. ಇದೊಂದರ ಉಳೀಲಿ. ನಾ ಕೊಂದದ್ದಕ್ಕ ಇದೊಂದರ..."

ಇವರು ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. "ಮೆಲ್ಲಕ. ಹುಡುಗಿ ಕೇಳತಾಳ" ಅಂದರು. ವಿಷ ತಂದುಕೊಟ್ಟವರು ಇವರೇ ಅಲ್ಲವೆ. ಗೋಡೆಗೆ ಒರಗಿ ಬಹಳ ಹೊತ್ತು ನಿಂತಿದ್ದರು.

30 ಸೆಪ್ಟೆಂಬರ್, ಮಂಗಳವಾರ

ನಿನ್ನೆ ಸಂಜೆ ಗಜೇಂದ್ರಗಡದಿಂದ ಬರುವಾಗ ಇವರ ಗಾಡಿಯ ಮುಂದೆ ಒಂದು ಚೀಲ. ಗುಡ್ಡದ ಕಡೆಯ ಮಸಾರಿ ಮಣ್ಣು. ಕೆಂಪು, ಉದುರು ಉದುರು.

"ಎರಿಮಣ್ಣು ಹತ್ತಕೋತೈತಿ. ಇದು ಹತ್ತಂಗಿಲ್ಲ. ಹಾಕಿ ನೋಡು." ಅಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು.

ಪರಾತವನ್ನು ಒಳಕೋಣೆಯಲ್ಲೇ, ಚೀಲಗಳ ಪಕ್ಕ ಇಟ್ಟೆ. ಹೆಸರಿ ಹೊಯ್ದದ್ದನ್ನು ಒರೆಸಿದ ಹತ್ತಿಯ ತುಣುಕು ಒಂದನ್ನು ಮಣ್ಣಲ್ಲಿ ಹುಗಿದೆ, ವಾಸನೆ ಹಿಡಿಯಲಿ ಅಂತ. ಇಂದು ಬೆಳಗ್ಗೆ 8ಕ್ಕೆ ಹೆಸರಿ ತಾನೇ ಹೋಯಿತು. ಸುತ್ತು ಹಾಕಿತು. ಕೆರೆಯಿತು. ಕೂತಿತು. ಬಾಲ ನೆಟ್ಟಗೆ, ಎಲ್ಲಿಯೋ ನೋಡುತ್ತ, ದೊಡ್ಡ ಮನುಷ್ಯರ ಹಾಗೆ. ಮುಚ್ಚಿತು ಕೂಡ.

ಶೈಲೂ ಕುಣಿದಳು. ಇವರು ಇಣುಕಿ ನೋಡಿ, "ಇರಲಿ ಹಂಗಾರ" ಅಂದರು.

ಇರಲಿ ಅಂದರು. ಉಳಿಯಿತು. ಎದೆ ಹಗುರಾಗಬೇಕಿತ್ತು, ಆಗುತ್ತಿಲ್ಲ.

2 ಅಕ್ಟೋಬರ್, ಗುರುವಾರ. ಸಂಜೆ

ಬನ್ನಿ ಹಬ್ಬ. ಓಣಿಯಲ್ಲಿ ಎಲ್ಲರೂ ಬನ್ನಿ ಕೊಟ್ಟು ತೊಗೊಂಡು ತಿರುಗುತ್ತಿದ್ದರು. ಹೊನ್ನವ್ವ ಈ ಸಲ ತಾನೇ ಮೊದಲು ನಮ್ಮ ಮನೆಗೆ ಬಂದಳು. ಇವರು ಕಾಲಿಗೆ ಬಿದ್ದರು. ನಾನು ಬಿದ್ದೆ. ಕಟ್ಟೆಯ ಮೇಲೆ ಇವರ ಅಂಗಡಿಯ ಗವಿಸಿದ್ದಪ್ಪ, ಅವರ ಹೆಂಡತಿ ಕೂತಿದ್ದರು.

"ಶೈಲೂ, ಆಯಿಗೆ ಬನ್ನಿ ಕೊಡು" ಅಂದೆ.

ಮುಷ್ಟಿ ಬೆನ್ನ ಹಿಂದೆ ಹಿಡಿದುಕೊಂಡಳು. "ನಾ ಕೊಡಂಗಿಲ್ಲ. ಆಯಿ ನಮ್ಮ ರಾಣಿಗೆ ವಿಷ ಹಾಕ್ಯಾಳ."

ಹೊನ್ನವ್ವ ನನ್ನ ಕಡೆ ನೋಡಿದಳು. ಒಂದೇ ಒಂದು ಸಲ. ಕಾಯುತ್ತಿದ್ದಳು. ನಾನು ಬೇರೆ ಕಡೆ ನೋಡಿದೆ.

"ಹೌದವಾ" ಅಂದಳು. "ತಪ್ಪಾತು. ವಯಸ್ಸಾತು ನೋಡು, ತಿಳೀಲಿಲ್ಲ ನನಗ."

ಕೈಯಲ್ಲಿದ್ದ ಬನ್ನಿ ಎಲೆ ಕಟ್ಟೆಯ ಮೇಲಿಟ್ಟು ಹೋದಳು. ಓಣಿಯಲ್ಲಿ ನಿಂತಿದ್ದ ಹೆಂಗಸರಿಬ್ಬರು ಗುಸುಗುಸು ಅಂದದ್ದು ಅವಳ ಕಿವಿಗೂ ಬಿದ್ದಿರಬೇಕು. ಮೆಟ್ಟಿಲು ಇಳಿಯುವಾಗ ಕಂಬ ಹಿಡಿದುಕೊಂಡಳು. ಯಾವತ್ತೂ ಹಿಡಿದವಳಲ್ಲ.

ಮನೆಯಲ್ಲಿ ಯಾರೂ ಹೋಳಿಗೆ ಮುಟ್ಟಲಿಲ್ಲ. ಇವರಿಗೆ ಹೇಳಿದೆ, ನಾಳೆ ಶೈಲೂಗೆ ಎಲ್ಲ ಹೇಳಿಬಿಡುತ್ತೇನೆ.

"ಹತ್ತು ವರ್ಷದ ಕೂಸದು. ಯಾಕ ಹೇಳತಿ? ಆಯಿನೂ ಒಪ್ಪಿಕೊಂಡಾಳ. ಮುಗೀತಲ್ಲ."

ಅವಳು ಒಪ್ಪಿಕೊಂಡಿದ್ದಕ್ಕೇ ಮುಗಿಯುವುದಿಲ್ಲ.

3 ಅಕ್ಟೋಬರ್, ಶುಕ್ರವಾರ

ಹೇಳಿದೆ. ಒಳಕೋಣೆಯಲ್ಲಿ, ಅವಳು ಪರಾತದ ಮಣ್ಣು ಬದಲಿಸುತ್ತಿದ್ದಾಗ. ವಿಷ ನಾನು ಇಟ್ಟದ್ದು. ಆಯಿ ಅಲ್ಲ. ಆಯಿ ಆಡಿನ ಹಾಲು ಕೊಟ್ಟಿದ್ದರಿಂದ ಹೆಸರಿ ಉಳಿದದ್ದು.

ಅಳಲಿಲ್ಲ. ಬೈಯಲಿಲ್ಲ. ಕೈಯಲ್ಲಿದ್ದ ಮಣ್ಣು ಕೆಳಗೆ ಸುರಿಯಿತು, ಅಷ್ಟೆ. ಹೆಸರಿಯನ್ನು ಎತ್ತಿ ಎದೆಗೆ ಅವಚಿಕೊಂಡಳು. ನನ್ನಿಂದ ದೂರ, ಗೋಡೆಗೆ ಬೆನ್ನು ಹಚ್ಚಿ, ಬಾಗಿಲವರೆಗೆ ಸರಿದಳು. ನಾನು ಕಸಿದುಕೊಳ್ಳುತ್ತೇನೆ ಅನ್ನುವ ಹಾಗೆ. ಆಮೇಲೆ ಓಡಿದಳು. ಹೊನ್ನವ್ವನ ಮನೆಗೆ.

ಗೋಡೆಯ ಈ ಕಡೆ ನಿಂತು ಕೇಳಿದೆ. ಶೈಲೂ ಅತ್ತದ್ದು ಅಲ್ಲಿ. ಹೊನ್ನವ್ವನ ದನಿ: "ಇರಲಿ ಬಿಡವಾ. ಇರಲಿ ಬಿಡು."

ನನ್ನ ಮಗಳು ನನಗೆ ಹೆದರಿದಳು.

5 ಅಕ್ಟೋಬರ್, ಭಾನುವಾರ

ಶೈಲೂ ಊಟಕ್ಕೂ ಹೊನ್ನವ್ವನ ಮನೆಯಲ್ಲೇ, ಮಲಗಲೂ ಅಲ್ಲೇ. ಇವರು ಕರೆಯಲು ಹೋದರೆ ಬರಲಿಲ್ಲ. ಇಂದು ಮಧ್ಯಾಹ್ನ ತಾನೇ ಬಂದಳು. ನನಗಾಗಿ ಅಲ್ಲ. ಹೆಸರಿ ಅಲ್ಲಿ ಎಲ್ಲಿಯೂ ಹೊಯ್ಯುತ್ತಿಲ್ಲವಂತೆ. ನಿನ್ನೆಯಿಂದ ಮೂಲೆ ಮೂಲೆ ಸುತ್ತಿ ಒದರುತ್ತಿದೆಯಂತೆ. ಒಳಗೆ ಬಿಟ್ಟ ತಕ್ಷಣ ಓಡಿ ಹೋಗಿ ಪರಾತದಲ್ಲಿ ಕೂತಿತು. ಎಷ್ಟು ಹೊತ್ತು ಕೂತಿತ್ತು, ಪಾಪ. ನಾವಿಬ್ಬರೂ ನಿಂತು ನೋಡಿದೆವು.

ಆಮೇಲೆ ಅಪ್ಪನಿಗೆ: "ಅಪ್ಪಾ, ಹೆಸರಿ ಇಲ್ಲೇ ಇರಬೇಕಾಕೈತಿ. ಅದಕ್ಕ ನಾನೂ ಇಲ್ಲೇ ಇರತೀನಂತ ಹೇಳು."

ಹೇಳು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ.

7 ಅಕ್ಟೋಬರ್, ಮಂಗಳವಾರ. ಮಧ್ಯಾಹ್ನ 3

ಬೆಳಗ್ಗೆ ಹೊನ್ನವ್ವನ ಹತ್ತಿರ ಹೋದೆ. ಓಣಿಯ ನಾಲ್ಕು ಹೆಂಗಸರು ನೀರಿಗೆ ನಿಂತಿದ್ದರು. ಅವರ ಎದುರಿಗೇ ಕಾಲು ಹಿಡಿದು, ತಪ್ಪು ನನ್ನದು ಅಂದೆ. ಎಲ್ಲ ಹೇಳಿದೆ. "ಏಳು, ಏಳು. ಮಂದಿ ಮುಂದ ಏನಿದು" ಅಂದಳು. ಆದರೆ ಎಬ್ಬಿಸುವಾಗ ರಟ್ಟೆ ಗಟ್ಟಿಯಾಗಿ ಹಿಡಿದಿದ್ದಳು.

ಶೈಲೂ ಗೋಡೆಯಾಚೆಯಿಂದ ನೋಡಿದ್ದಾಳೆ. ಊಟ ಬಡಿಸುವಾಗ ತಾಟು ನೋಡುತ್ತ ಕೇಳಿದಳು. ನಾಲ್ಕು ದಿನಗಳಲ್ಲಿ ನೇರ ನನಗೇ ಆಡಿದ ಮೊದಲ ಮಾತು.

"ರಾಣಿ ಸಾಯೋದನ್ನ ನೀ ನೋಡಿದ್ಯೇನು?"

ಇಲ್ಲ ಅನ್ನಬಹುದಿತ್ತು. ಬಾಯಿಗೆ ಬಂದೂ ಇತ್ತು.

"ನೋಡಿದ್ನಿ."

"ಏನ ಮಾಡಿದಿ?"

"ಏನೂ ಮಾಡಲಿಲ್ಲ. ಅಂಜಿಕಿ ಬಂತು. ಒಳಗ ಬಂದು ಬಾಗಲಾ ಹಾಕ್ಕೊಂಡ್ನಿ."

ರೊಟ್ಟಿ ಮುರಿದವಳು ಹಾಗೇ ಹಿಡಿದುಕೊಂಡು ಕೂತಳು. ಪಲ್ಯ ಆರಿತು. ಆಮೇಲೆ ತಿಂದಳು. ಪೂರ್ತಿ ತಿಂದಳು. ತಾಟು ತಾನೇ ತೊಳೆದಿಟ್ಟು ಒಳಕೋಣೆಗೆ ಹೋದಳು. ಅವಳು ಕ್ಷಮಿಸಿದಳೋ ಇಲ್ಲವೋ ತಿಳಿಯುತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ. ಪರಾತ ತಿಕ್ಕಿ ಹಿತ್ತಲ ಬಿಸಿಲಿಗೆ ಒಣಗಲು ಇಟ್ಟು ಬಂದು ಇದನ್ನು ಬರೆಯಲು ಕೂತೆ. ಇನ್ನು ಮುಂದೆ ಏನು ಮಾಡಬೇಕು ಅಂತ —

ಕೂಗುತ್ತಿದ್ದಾಳೆ. "ಅವ್ವಾ! ಪರಾತ ಎಲ್ಲಿ? ಲಗೂ ಬಾ, ಹೆಸರಿಗೆ ತಡೀವಲ್ದು, ಚೀಲ ಹತ್ತಾಕತ್ತೈತಿ! ಅವ್ವಾ!"

ಅವ್ವಾ ಅಂದಳು. ಎರಡು ಸಲ. ಮಣ್ಣು ತುಂಬಿ ಇಡಬೇಕು, ಎದ್ದೆ.