ಎರಡು ಕಿಟಕಿ ಒಂದಾದ ಬಗ್ಗೆ ಅವ್ವನಿಗೆ

ಅಕ್ಕಿಹೆಬ್ಬಾಳು,
ಬುಧವಾರ, 12 ಫೆಬ್ರವರಿ 2025

ಪ್ರೀತಿಯ ಅವ್ವನ ದಿವ್ಯ ಸನ್ನಿಧಾನಕ್ಕೆ,

ನಿನ್ನ ಏಕೈಕ ಪುತ್ರ ರಘುನಂದನ ಅಡ್ಡಬಿದ್ದು ಬರೆಯುವುದು. ನಿಜವಾಗಿಯೂ ಅಡ್ಡವೇ ಬಿದ್ದಿದ್ದೇನೆ, ಸೊಂಟ ನೆಟ್ಟಗಾಗುತ್ತಿಲ್ಲ. ಉಬ್ಬಸ ಈಗ ಹೇಗಿದೆ? ರಾತ್ರಿ ಎದ್ದು ಕೂರುವುದು ಕಡಿಮೆಯಾಯಿತೆ? ಮಾತ್ರೆ ಮರೆಯಬೇಡ. ಬಾಬುರಾಯನಕೊಪ್ಪಲಿನಲ್ಲಿ ಚಿಕ್ಕಮ್ಮ ನಿನ್ನನ್ನು ಕೆಲಸ ಮಾಡಲು ಬಿಡುತ್ತಿಲ್ಲವಂತೆ, ನೀನು ಕದ್ದು ಸೊಪ್ಪು ಸೋಸುತ್ತೀಯಂತೆ, ಎಲ್ಲಾ ವರದಿ ಬಂದಿದೆ. ಫೋನಿರುವಾಗ ಕಾಗದ ಯಾಕೆ ಅನ್ನುತ್ತೀಯ. ಅಲ್ಲಿ ಚಿಕ್ಕಮ್ಮ ಫೋನನ್ನು ಸ್ಪೀಕರಿಗೆ ಹಾಕುತ್ತಾಳೆ, ಇಲ್ಲಿ ಅಪ್ಪ ನನ್ನ ಪಕ್ಕದಿಂದ ಏಳುವುದಿಲ್ಲ. ಮನಸ್ಸು ಬಿಚ್ಚಿ ಮಾತಾಡಲು ಅಂಚೆ ಇಲಾಖೆಯೇ ಗತಿ.

ಅವತ್ತು ನಿನ್ನನ್ನು ಬಸ್ಸು ಹತ್ತಿಸುವಾಗ ಅಪ್ಪ ಬೀಡಿ ತರಲು ಅಂಗಡಿಗೆ ಹೋಗಿದ್ದ. ಆಗ ನೀನು ನನ್ನ ಕೈ ಹಿಡಿದುಕೊಂಡು, "ಆ ರೂಮ್ನಾಗೆ ನಂಗೆ ಉಸ್ರು ಕಟ್ತದೆ ಕಣ್ಲಾ. ಇಪ್ಪತ್ತೆರಡ್ ವರ್ಸ ನಿಮ್ಮಪ್ಪಂಗೆ ಏಳಿ ಸಾಕಾಯ್ತು. ಇನ್ನು ಅಲ್ಲಿಗೆ ಬಂದು ಮಲಗಾಕಿಲ್ಲ ನಾನು" ಅಂದೆ. ಅಪ್ಪ ಬಂದೊಡನೆ "ಉಸಾರಾದ್ಮೇಲೆ ಬತ್ತೀನಿ" ಅಂದೆ. ಅವನು ಎರಡನೆಯ ಮಾತನ್ನು ನಂಬಿದ. ನಾನು ಮೊದಲನೆಯದನ್ನು ಹೊತ್ತುಕೊಂಡು ಮನೆಗೆ ಬಂದೆ. ಆ ಬಳಿಕ ನಡೆದದ್ದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮಲಗುವ ಕೋಣೆಯ ಕಿಟಕಿ ದೊಡ್ಡದಾಗಲೇಬೇಕು ಎಂದು ಡಾಕ್ಟರ ಅಪ್ಪಣೆಯಾಗಿದೆ ಎಂದು ಅಪ್ಪನ ಮುಂದೆ ಮಂಡಿಸಿದೆ. ಮೊದಲು ಗುಡುಗಿದ. "ನಮ್ಮಪ್ಪ ಕಟ್ಸಿದ್ ಗ್ವಾಡೆ ಕಣ್ಲಾ ಅದು. ಕಳ್ಳನ ತಲೆ ತೂರಬಾರ್ದು ಅಂತ ಅಷ್ಟ್ ಚಿಕ್ದು ಮಡಗವ್ರೆ." ಕಳ್ಳನ ತಲೆ ಹೋಗಲಿ, ಗಾಳಿಯ ತಲೆಯೂ ತೂರುವುದಿಲ್ಲ ಅಂದೆ. ಎಷ್ಟು ದೊಡ್ಡದಾಗಬೇಕಂತೆ ಅಂದ. ನಾಲ್ಕಡಿಗೆ ನಾಲ್ಕಡಿ ಅಂದೆ. ಬೀಡಿ ಆರಿಸಿ ಎದ್ದು ಹೋದ. ಮಾರನೆಯ ಬೆಳಿಗ್ಗೆ ಗಾರೆ ದ್ಯಾವಯ್ಯ ಹಾರೆ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಅಳ್ತೇನೂ ಡಾಕ್ಟ್ರೇ ಕೊಟ್ರಾ? ಯಾವ ಡಾಕ್ಟ್ರಪ್ಪ ಅದು, ಗಾರೆ ಕೆಲ್ಸನೂ ಕಲ್ತಿರೋದು!" ಅಂತ ಅವನು ಹುಬ್ಬು ಹಾರಿಸಿದ. ನಾನು ಗಂಭೀರವಾಗಿ ಸೂರು ನೋಡಿದೆ.

ಅವ್ವ, ನಾಲ್ಕು ದಿನದ ಕೆಲಸ ಅಂದಿದ್ದರು. ಇವತ್ತಿಗೆ ಹನ್ನೊಂದು. ತಾತ ಆ ಇಟ್ಟಿಗೆಗಳನ್ನು ಬರೀ ಮಣ್ಣಿನಲ್ಲಿ ಕೂರಿಸಿದ್ದಾನೆ, ಒಂದನ್ನು ಕಿತ್ತರೆ ಮೇಲಿನ ನಾಲ್ಕು ತಾವಾಗಿ ಬಂದು ಕಾಲ ಮೇಲೆ ಬೀಳುತ್ತವೆ. ಸೂರು ಕುಸಿಯದಂತೆ ಸರ್ವೆ ಮರದ ಗಳ ನಿಲ್ಲಿಸಿ, ಆ ಕೋಣೆಯ ಎರಡು ಪುಟ್ಟ ಕಿಟಕಿಗಳನ್ನೂ ನಡುವಿನ ಗೋಡೆಯನ್ನೂ ಸೇರಿಸಿ ಒಡೆದು, ಮೇಲೆ ಕಾಂಕ್ರೀಟಿನ ಲಿಂಟಲ್ ಹಾಕಿದರು. ಅದಕ್ಕೆ ದಿನಕ್ಕೆ ಮೂರು ಸಲ ನೀರು ಹಾಕುವ ಮಹಾಸೇವೆ ನನ್ನದು. ಒಡೆದ ಇಟ್ಟಿಗೆಯ ಮಣ್ಣು ಕೆರೆದು ಜೋಡಿಸುವ ಸೇವೆಯೂ ನನ್ನದೇ. ಮಂಚ ನಡುಮನೆಗೆ ಬಂದಿದೆ, ಅಜ್ಜಿಯ ಗೊರಕೆಯ ಪಕ್ಕಕ್ಕೆ. ಮುದ್ದೆಯಲ್ಲಿ ಇಟ್ಟಿಗೆ ಪುಡಿ, ಸಾರಿನಲ್ಲಿ ಇಟ್ಟಿಗೆ ಪುಡಿ, ಕಿವಿಯಲ್ಲೂ ಅದೇ. ಈ ಹನ್ನೊಂದು ದಿನದಲ್ಲಿ ನಾನು ಒಬ್ಬರಿಗೂ ಕೀಟಲೆ ಮಾಡಿಲ್ಲ. ಯಾರ ಚಪ್ಪಲಿಯನ್ನೂ ಅದಲು ಬದಲು ಮಾಡಿಲ್ಲ. ಅಜ್ಜಿ ಹೆದರಿ ದೃಷ್ಟಿ ತೆಗೆದಳು.

ಇದರ ನಡುವೆ ಘೋರ ಪ್ರಮಾದವೊಂದು ಘಟಿಸಿತು. ಐದನೆಯ ದಿನ ಬಡಗಿ ರಾಮಚಂದ್ರಾಚಾರ್ರು ಹೊಸ ಚೌಕಟ್ಟು ತಂದು, ಅರಿಶಿನ ಕುಂಕುಮ ಇಟ್ಟು, ಇನ್ನೇನು ನಿಲ್ಲಿಸಬೇಕು, ಅಜ್ಜಿ ಜಗಲಿಯ ಮೇಲೆ ಕೂತು ಬೆರಳು ಮಡಿಸುತ್ತಾ ಬಂದಳು. "ಅಯ್ಯೋ, ಆರ್ ಇದ್ದ ಕಿಟ್ಕಿ ಐದಾಗೋಯ್ತಲ್ರೋ! ಬೆಸ ಆಗ್ಬುಡ್ತಲ್ರೋ ಮನೆ!" ಅಂತ ಎದೆ ಮೇಲೆ ಕೈ ಇಟ್ಟುಕೊಂಡಳು. ಎರಡನ್ನು ಒಂದು ಮಾಡಿದರೆ ಲೆಕ್ಕದಲ್ಲಿ ಒಂದು ಕಮ್ಮಿಯಾಗುತ್ತದೆ ಎಂಬುದು ಅಪ್ಪನಿಗಾಗಲಿ, ದ್ಯಾವಯ್ಯನಿಗಾಗಲಿ, ಪದವಿ ಪಡೆದ ನನಗಾಗಲಿ ಹೊಳೆದಿರಲಿಲ್ಲ. ಆಚಾರ್ರು ಚೌಕಟ್ಟನ್ನು ನೆಲಕ್ಕಿಳಿಸಿದರು. "ಬೆಸದ ಮನೇಗೆ ನಾನ್ ಕಿಟ್ಕಿ ನಿಲ್ಸಾಕಿಲ್ಲ ಕಣಪ್ಪ, ನಾಳೆ ಯಾರ್ಗಾರ ಒಂದ್ ಕೆಮ್ ಬಂದ್ರೂ ನನ್ ತಲೆ ಮೇಲ್ ಆಕ್ತೀರಿ" ಅಂದುಬಿಟ್ಟರು. ನಾನು ಕೊಟ್ಟಿಗೆಯ ಗೋಡೆಯಲ್ಲೊಂದು ತೂತು ಕೊರೆದು ಕಿಟಕಿ ಎಂದು ನಾಮಕರಣ ಮಾಡೋಣ ಅಂದೆ. ಅಜ್ಜಿ ಕೋಲು ಹುಡುಕಿದಳು. ಕೊನೆಗೆ ಅಪ್ಪನೇ, ಯಾರೂ ಕೇಳದೆ, "ಅಡ್ಗೆಮನೇಗೆ ಒಡ್ದಾಕು ದ್ಯಾವಣ್ಣ, ಒಲೆ ಪಕ್ಕ. ಒಗೆ ಓಗ್ಲಿ" ಅಂದ. ಹೀಗೆ ನಿನಗೆ ಎರಡನೆಯ ಕಿಟಕಿಯೂ ಮಂಜೂರಾಯಿತು, ನನ್ನ ಸೊಂಟಕ್ಕೆ ಎರಡನೆಯ ಶಿಕ್ಷೆಯೂ.

ಇನ್ನೊಂದು ಸಂಗತಿ ಹೇಳಬೇಕು, ಇದರಲ್ಲಿ ತಮಾಷೆ ಇಲ್ಲ. ಗೋಡೆ ಪೂರ್ತಿ ಒಡೆದ ದಿನ ಬಿಸಿಲು ಮೊದಲ ಸಲ ಒಳಗಿನ ಗೋಡೆಯ ತನಕ ಹೋಯಿತು. ಅಲ್ಲಿ ಮಂಚದ ತಲೆದೆಸೆಯಲ್ಲಿ ಒಂದು ಕಪ್ಪು ಕಲೆ. ಸೋರಿದ್ದಿರಬೇಕು ಎಂದು ದ್ಯಾವಯ್ಯ ಉಜ್ಜಿ ನೋಡಿದ. ಎಣ್ಣೆ. ನಿನ್ನ ತಲೆಯ ಎಣ್ಣೆ. ಮಲಗಲಾಗದೆ ಒರಗಿಕೊಂಡು ಕೂರುತ್ತಿದ್ದೆಯಲ್ಲ, ಅದು ಸುಣ್ಣದೊಳಕ್ಕೆ ಇಳಿದುಬಿಟ್ಟಿದೆ. ಅಪ್ಪ ಬಾಗಿ ನೋಡಿ, "ಇಷ್ಟ್ ದಿನ ಕೂತಿದ್ಲಾ ಅವ್ಳು?" ಅಂತ ನನ್ನನ್ನು ಕೇಳಿದ. ಅವನು ಆಚೆ ಹೋಗಿ ಹಸುವಿನ ಹಗ್ಗ ಬಿಚ್ಚಿ, ಮತ್ತೆ ಅಲ್ಲೇ ಕಟ್ಟಿದ. ಅವತ್ತು ಮಧ್ಯಾಹ್ನ ಊಟಕ್ಕೆ ಬರಲಿಲ್ಲ.

ನಿನ್ನೆ ಚೌಕಟ್ಟು ಕೂತಿತು. ಬಾಗಿಲು, ಸರಳು, ಸೊಳ್ಳೆ ಜಾಲರಿ ಎಲ್ಲಾ ಆಗಿದೆ. ಸುಣ್ಣ ಬಳಿಯುವುದೊಂದು ಬಾಕಿ, ವಾಸನೆ ಆರಲು ಎರಡು ದಿನ ಬೇಕು. ನನ್ನ ಅಂಗೈ ನೋಡಿದರೆ ನೀನು ಅಳುತ್ತೀಯ, ಆದ್ದರಿಂದ ತೋರಿಸುವುದು ಗ್ಯಾರಂಟಿ. ಚಿಕ್ಕಮ್ಮನಿಗೆ ನಮಸ್ಕಾರ ಹೇಳು, ಅವಳ ಮನೆಯ ಬೆಕ್ಕಿಗೆ ನನ್ನ ಆಶೀರ್ವಾದ. ಅಜ್ಜಿ ನಿನ್ನನ್ನು ಹರಸಿದ್ದಾಳೆ, ನನಗೆ ಬೈದಿದ್ದಾಳೆ. ಎರಡನ್ನೂ ತಲುಪಿಸಿದ್ದೇನೆ.

ನಿನ್ನ ಪಾದದ ಧೂಳು, ಸದ್ಯಕ್ಕೆ ಇಟ್ಟಿಗೆ ಧೂಳು,
ರಘು

ಮರೆತೆ: ಡಾಕ್ಟರು ಯಾವಾಗ ಹಾಗೆ ಹೇಳಿದರು ಎಂದು ನೀನು ಇಷ್ಟೊತ್ತಿಗೆ ಯೋಚಿಸುತ್ತಿರಬೇಕು. ಅವರು ಹೇಳಿಲ್ಲ ಅವ್ವ. ಮಾತ್ರೆ ಬರೆದರು, ಅಷ್ಟೇ. ನಿನ್ನ ಮಾತನ್ನೇ ನಾನು ಅವರ ಬಾಯಿಗೆ ಹಾಕಿದೆ. ಸೋಮವಾರ ಅಪ್ಪ ನಿನ್ನನ್ನು ಕರೆಯಲು ಬರುತ್ತಾನೆ, ಡಾಕ್ಟರನ್ನೂ ಕಂಡು ಬರುತ್ತೇನೆ ಎಂದು ಅವರಿಗೆ ಅವರೆಕಾಯಿ ಬೇರೆ ಕಟ್ಟಿಟ್ಟಿದ್ದ. ಹೆದರಿಕೆಯಾಗಿ ಇವತ್ತು ಬೆಳಿಗ್ಗೆ, ಡಾಕ್ಟರನ್ನು ನೋಡಲೇಬೇಕಾ ಎಂದು ಕೇಳಿದೆ. ನನ್ನ ಮುಖವನ್ನೇ ನೋಡಿದ. "ಡಾಕ್ಟ್ರು ಬುಡ್ಲಾ. ನಿಮ್ಮವ್ವನ್ ಕೇಳ್ಬೇಕು, ಇಷ್ಟು ಸಾಕಾ, ಇನ್ನೂ ಒಡೀಬೇಕಾ ಅಂತ" ಅಂದ. ಸಾಕು ಅನ್ನು ಅವ್ವ. ದಮ್ಮಯ್ಯ, ಸಾಕು ಅಂದು ಅವನ ಜೊತೆ ಬಸ್ಸು ಹತ್ತು.